ಅಂಗೈ ಮೇಲಿನ ವರದಿ

ಅವರ ಎಡಗೈಯ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ಹೆಬ್ಬೆರಳಿನ ಬುಡದಿಂದ ಕಿರುಬೆರಳಿನವರೆಗೂ ಬಾಲ್‌ಪೆನ್ನಿನ ಸಣ್ಣ ಸಣ್ಣ ಅಕ್ಷರ, ನಡುವೆ ಅಡಿ, ಇಂಚು, ಒಂದೆರಡು ಗೆರೆ. ಬೆವರಿಗೆ ಅಲ್ಲಲ್ಲಿ ಕದಡಿ ಹೋಗಿ, ದೂರದಿಂದ ನೋಡಿದವರಿಗೆ ಚರ್ಮಕ್ಕೆ ಏನೋ ಆಗಿದೆ ಅನ್ನಿಸಬೇಕು, ಹಾಗೆ. ನಮ್ಮೂರಿಗೆ ಬಂದ ಮೊದಲ ದಿನ ಅವರು ಕೈ ಮುಗಿದಾಗ ನಾನು ಮುಖ ನೋಡಲೇ ಇಲ್ಲ, ಕೈಯನ್ನೇ ನೋಡಿದೆ. ಪಕ್ಕದಲ್ಲಿ ನಿಂತಿದ್ದ ನನ್ನ ವಾರಗಿತ್ತಿ ಕಿವಿಯಲ್ಲಿ, "ಪಾಪ, ಹುಣ್ಣಾಗೈತೆ ಕಣಕ್ಕ. ಒಂಚೂರು ಅರಿಶಿನ ಅರೆದು ಕೊಡನ" ಅಂದಳು.

ಅವರ ಹುದ್ದೆಯ ಹೆಸರು ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ಬಾಯಲ್ಲಿ ಅದು ಪ್ರಾಜೆಕ್ಟ್ ಸಾಹೇಬರು ಆಯಿತು. ಅರೇಹಳ್ಳಿ ಕಡೆಯವರು, ಬೇಲೂರಿನಲ್ಲಿ ಮನೆ. ಆಗಲೇ ಐವತ್ತು ದಾಟಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದರು, ನಗು ಕಡಿಮೆ.

ನಮ್ಮೂರು ಮಾದಿಹಳ್ಳಿಗೆ ಹತ್ತಿರ. ಊರಲ್ಲಿ ಹೆಂಗಸರದೇ ಒಂದು ಹಾಲಿನ ಡೇರಿ ಇದೆ. ಆಗ ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಊರ ನಡುವಿನ ಹಳೇ ಚಾವಡಿಯ ಜಗಲಿಯ ಮೇಲೆ ಹಾಲು ಅಳೆದು ಕ್ಯಾನಿಗೆ ತುಂಬಿ ಲಾರಿಗೆ ಕಾಯುತ್ತಿದ್ದೆವು. ಲಾರಿ ತಡವಾದರೆ ಬೇಸಿಗೆಯಲ್ಲಿ ಕ್ಯಾನಿನೊಳಗೇ ಹಾಲು ಒಡೆದು ಹೋಗುತ್ತಿತ್ತು. ಒಡೆದ ಹಾಲು ಊರಿಗೆ ವಾಪಸ್ಸು ಬರುವುದನ್ನು ನೋಡಿದವರಿಗೇ ಗೊತ್ತು ಆ ಸಂಕಟ. ಅರಳಿಕಟ್ಟೆಯ ಮೇಲೆ ಕೂತ ಗಂಡಸರು, "ಹೆಂಗಸ್ರ ಡೇರಿ ಮೊಸ್ರಿನ ಡೇರಿ ಆಯ್ತು ಕಣ್ಲಾ" ಅಂತ ಕೇಳುವ ಹಾಗೆ ಅನ್ನುತ್ತಿದ್ದರು. ಕಡೆಗೂ ಒಂದು ಕಂಪನಿಯವರು ಕಟ್ಟಡ ಕಟ್ಟಿಸಿಕೊಡಲು ಒಪ್ಪಿದರು, ಪಂಚಾಯ್ತಿಯವರು ಊರ ಹೊರಗೆ ಜಾಗ ಕೊಟ್ಟರು, ಹಾಲು ತಂಪು ಮಾಡುವ ಟ್ಯಾಂಕನ್ನು ಹಾಲಿನ ಆಫೀಸಿನವರು ಕೊಡುವುದೆಂದಾಯಿತು. ಇಷ್ಟು ಜನರ ನಡುವೆ ನಿಂತು ಕೆಲಸ ಮುಗಿಸಿಕೊಡಲು ಕಂಪನಿಯವರು ಕಳಿಸಿದವರೇ ಈ ಸಾಹೇಬರು. ಆ ವರ್ಷ ಡೇರಿಗೆ ನಾನು ಅಧ್ಯಕ್ಷೆ. ನಾಲ್ಕನೇ ಕ್ಲಾಸು ಓದಿದ್ದೆ, ಸೈನ್ ಹಾಕಲು ಬರುತ್ತಿತ್ತು. ಅದಕ್ಕಿಂತ ಹೆಚ್ಚಿನ ಅರ್ಹತೆ ಏನೂ ಇರಲಿಲ್ಲ.

ಇಷ್ಟು ವರ್ಷದ ಮೇಲೆ ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ನನ್ನ ಮೊಮ್ಮಗಳು. ಮಗನ ಮಗಳು. ಅವಳು ಈಗ ಅರಸೀಕೆರೆಯಲ್ಲಿ ರೈಲ್ವೆ ಹಳಿಯ ಮೇಲೆ ಹಾಯುವ ಸೇತುವೆ ಕೆಲಸಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದಾಳೆ. ಈ ಮಾತನ್ನು ಇಲ್ಲಿ ಒಂದೇ ಸಲ ಬರೆದಿದ್ದೇನೆ. ಊರಲ್ಲಿ ಎಷ್ಟು ಸಲ ಹೇಳಿದ್ದೇನೆ ಎಂದು ಕೇಳಬಾರದು. ಹಾಲು ಕರೆಯುವಾಗ ಹಸುವಿಗೂ ಹೇಳಿದ್ದೇನೆ.

ಸಾಹೇಬರ ಪದ್ಧತಿ ಹೀಗಿತ್ತು. ಸೋಮವಾರ ಬೆಳಿಗ್ಗೆ ನಾವೆಲ್ಲ ಹಾಲು ಹಾಕಿ ಮುಗಿಸಿ ಇನ್ನೂ ಮನೆಗೆ ಹೊರಡುವ ಮುಂಚೆ ಜಗಲಿಯ ಮೇಲೆ ನಿಲ್ಲುತ್ತಿದ್ದರು. ಅಂಗೈಯನ್ನು ಕಣ್ಣಿಗೆ ಹಿಡಿದು ಆ ವಾರ ಏನು ಕೆಲಸ ನಡೆಯಿತು ಅಂತ ಹೇಳುತ್ತಿದ್ದರು. ಮೊದಲು ಆಗದೇ ಇದ್ದದ್ದು. "ಮರಳು ಬಂದಿಲ್ಲ. ಹಿಂದಿನ ಗೋಡೆ ಎದೆಮಟ್ಟಕ್ಕೇ ನಿಂತಿದೆ. ಇಟ್ಟಿಗೇಲಿ ಅರ್ಧ ಗಾಡಿ ಪುಡಿ, ವಾಪಸ್ ಕಳಿಸಿದೀನಿ." ಆಮೇಲೆ, ಸಮಯ ಉಳಿದರೆ, ಆಗಿದ್ದು.

ಒಂದು ದಿನ ನಾನೇ ಕೇಳಿದೆ: "ಅಲ್ಲ ಸಾ, ಒಳ್ಳೇದು ಮೊದ್ಲು ಹೇಳಿದ್ರೆ ಕೇಳೋರ್ಗೂ ಒಂಚೂರು ಸಮಾಧಾನ ಅಲ್ವಾ?"

"ಆಗಿರೋದನ್ನ ನೀವೇ ಹೋಗಿ ನೋಡ್ತೀರಿ ಅಧ್ಯಕ್ಷರೇ. ಆಗದೇ ಇರೋದು ಕಣ್ಣಿಗೆ ಕಾಣಲ್ಲ. ಅದನ್ನ ಹೇಳೋಕೇ ನನಗೆ ಸಂಬಳ."

ಅವರು ನನ್ನನ್ನು ಅಧ್ಯಕ್ಷರೇ ಎನ್ನುತ್ತಿದ್ದರು. ಬೇರೆ ಯಾರೂ ಅನ್ನುತ್ತಿರಲಿಲ್ಲ. ಮನೆಯಲ್ಲಂತೂ ನಾನು "ಏಯ್, ಎಲ್ಲಿದ್ದೀಯೇ".

ಹೇಳಿ ಮುಗಿಸಿದ ಮೇಲೆ ಎಡಗೈಯನ್ನು ಜಗಲಿಯ ಅಂಚಿನಾಚೆ ಚಾಚುತ್ತಿದ್ದರು. "ಕೇಳಿದ್ರಲ್ಲ? ಒಪ್ಪಿಗೆ ಇದ್ರೆ ನೀರು ಹಾಕಿ." ನಮ್ಮಲ್ಲಿ ಯಾರಾದರೂ ಒಬ್ಬಳು ಕ್ಯಾನ್ ತೊಳೆಯುವ ಚೊಂಬಿನಿಂದ ನೀರು ಹೊಯ್ಯಬೇಕು. ಅವರು ಉಜ್ಜಿ ತೊಳೆದುಕೊಳ್ಳುವರು. ಅಲ್ಲಿಗೆ ಆ ವಾರದ ವರದಿ ಮುಗಿದಂತೆ. ಯಾರಿಗಾದರೂ ಅನುಮಾನ ಇದ್ದರೆ ಕೇಳಬೇಕು. ಅದಕ್ಕೆ ಉತ್ತರ ಸಿಗುವವರೆಗೆ ನೀರು ಹಾಕುವ ಹಾಗಿಲ್ಲ, ಅವರು ಕೈ ಹಿಂದಕ್ಕೆ ತೆಗೆಯುವ ಹಾಗೂ ಇಲ್ಲ. ನನ್ನ ವಾರಗಿತ್ತಿ ಒಂದು ಸಲ ಬೇಕೆಂದೇ ಹತ್ತು ಪ್ರಶ್ನೆ ಕೇಳಿ ಬಿಸಿಲಲ್ಲಿ ನಿಲ್ಲಿಸಿದ್ದಳು. ಹತ್ತಕ್ಕೂ ಉತ್ತರ ಹೇಳಿದರು, ಕೈ ಚಾಚಿಕೊಂಡೇ.

ಅದೇ ವರದಿಯನ್ನು ಅಂಗೈಗೆ ಮತ್ತೆ ಬರೆದುಕೊಂಡು, ಬೇಲೂರಿನಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಧಿಕಾರಿಗಳಿಗೂ ಒಪ್ಪಿಸಬೇಕಿತ್ತು. "ಅಲ್ಲಿ ನೀರು ಯಾರು ಹಾಕ್ತಾರೆ ಸಾ?" ಅಂದರೆ, "ಅಲ್ಲಿ ನಾನೇ ನಲ್ಲಿ ತಿರುಗಿಸ್ಕೋತೀನಿ. ಅದಕ್ಕೇ ನಿಮ್ಮ ಹತ್ರ ಮೊದಲು ಬರೋದು" ಅಂದರು. ಅವರೆಲ್ಲರನ್ನೂ ನಮ್ಮನ್ನೂ ಸೇರಿಸಿ ಸ್ಟೇಕ್‌ಹೋಲ್ಡರ್ ಅಂತ ಒಂದು ಹೆಸರು ಹೇಳಿದ್ದರು. ಹಾಗಂದರೆ ಏನು ಅಂತ ಕೇಳಿದ್ದಕ್ಕೆ ಸ್ವಲ್ಪ ಯೋಚನೆ ಮಾಡಿ, "ಈ ಕೆಲಸ ಕೆಟ್ಟರೆ ಯಾರ ಹೊಟ್ಟೆ ಉರಿಯುತ್ತೋ ಅವರು" ಅಂದರು.

"ಹಂಗಾರೆ ನಮ್ಮತ್ತೆನೂ ಒಬ್ಬ ಸ್ಟೇಕ್‌ಹೋಲ್ಡ್ರು ಬಿಡಿ" ಅಂದಳು ವಾರಗಿತ್ತಿ. "ಕೆಲ್ಸ ಕೆಡದಿದ್ರೂ ಉರೀತಿರ್ತದೆ."

ಜಗಲಿಯೆಲ್ಲ ನಕ್ಕಿತು. ಅವರು ನಗಲಿಲ್ಲ. ಮುಂದಿನ ಸೋಮವಾರ ನಮ್ಮತ್ತೆಯ ಹೆಸರು ಹಿಡಿದು, "ಅವರು ಬಂದಿಲ್ವಾ? ಕರೀರಿ" ಅಂದರು. ನಮ್ಮತ್ತೆ ಆವತ್ತಿನಿಂದ ಒಂದು ವಾರವೂ ತಪ್ಪಿಸಲಿಲ್ಲ.

ಅಂಗೈ ಯಾಕೆ, ಜೇಬಲ್ಲೇ ಪುಸ್ತಕ ಇದೆಯಲ್ಲ ಅಂತ ನಮಗೆಲ್ಲ ಇತ್ತು. ಅದಕ್ಕೂ ಅವರದೊಂದು ಲೆಕ್ಕ. ತಾವೇ ಹೋಗಿ ನೋಡಿದ್ದು ಮಾತ್ರ ಅಂಗೈಗೆ. ಇನ್ನೊಬ್ಬರು ಹೇಳಿದ್ದು, ಫೋನಿನಲ್ಲಿ ಬಂದದ್ದು ಪುಸ್ತಕಕ್ಕೆ. "ಕಂಡಿದ್ದು ಕೈಗೆ, ಕೇಳಿದ್ದು ಕಾಗದಕ್ಕೆ" ಎನ್ನುತ್ತಿದ್ದರು. ಜನರ ಮುಂದೆ ನಿಂತಾಗ ಅಂಗೈ ನೋಡಿ ಮಾತ್ರ ಹೇಳಬೇಕು. ಪುಸ್ತಕದಲ್ಲಿ ಇದ್ದದ್ದು ಮುಂದಿನ ವಾರ ಕಣ್ಣಲ್ಲಿ ಕಂಡು ಅಂಗೈಗೆ ಬಂದ ಮೇಲೆ.

ಎಲ್ಲಕ್ಕೂ ಹೀಗೆ ಇರುವ ಮನುಷ್ಯನನ್ನು ಸಹಿಸುವುದು ಸುಲಭವಲ್ಲ. ನಮ್ಮ ಬೀದಿಯವರೊಬ್ಬರು ಮನೆ ಒಕ್ಕಲಿಗೆ ಕರೆದಿದ್ದರು. ಪಾಯಸ ಬಡಿಸುತ್ತಾ, ಮನೆ ಹೆಂಗಿದೆ ಸಾ ಅಂತ ಯಜಮಾನರು ಕೇಳಿದರು. ಕೇಳಬಾರದಿತ್ತು. ಎಲೆ ಬಿಟ್ಟು ಎದ್ದು ಹೋಗಿ ನೋಡಿ ಬಂದು, "ಅಡಿಗೆಮನೆ ಗೋಡೆ ಅರ್ಧ ಇಂಚು ವಾಲಿದೆ" ಅಂದು ಮತ್ತೆ ಕೂತು ಉಂಡರು. ಆ ಮನೆಯವರು ಎರಡು ತಿಂಗಳು ಅವರೊಂದಿಗೆ ಮಾತಾಡಲಿಲ್ಲ. ಗೋಡೆ ವಾಲಿದ್ದು ಮಾತ್ರ ನಿಜ.

ಇಂಥವರು ಒಂದೇ ಒಂದು ಸಲ ಕಾಗದ ನೋಡಿ ಹೇಳಿದರು. ಅದಕ್ಕೆ ಕಾರಣ ನಾನು.

ಕಟ್ಟಡ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ, ಮೊದಲು ಹೇಳಿದ್ದಕ್ಕಿಂತ ದೊಡ್ಡ ಟ್ಯಾಂಕು ಬರುತ್ತದೆ ಅಂತ ತಿಳಿಯಿತು. ಬಾಗಿಲು ಇದ್ದದ್ದು ಮೂರೂವರೆ ಅಡಿ; ಐದು ಅಡಿ ಬೇಕು. ಸಾಹೇಬರು ಆ ಎರಡು ವಾರ ಅರಸೀಕೆರೆಯಲ್ಲಿ ಇನ್ನೊಂದು ಕೆಲಸದ ಮೇಲೆ ಇದ್ದರು. ಫೋನ್ ಮಾಡಿ, "ಅಧ್ಯಕ್ಷರೇ, ಬಾಗಿಲು ಐದಡಿ ಆಗ್ಬೇಕು. ಮೇಸ್ತ್ರಿಗೆ ಹೇಳಿ ಮಾಡಿಸಿ" ಅಂದರು. ನಾನು "ಆಯ್ತು ಸಾ" ಅಂದೆ. ನಮ್ಮ ಹಸು ಆಗಷ್ಟೇ ಕರು ಹಾಕಿತ್ತು. ಗಿಣ್ಣು ಕೊಡುವ ನೆಪದಲ್ಲಿ ಮೇಸ್ತ್ರಿಯನ್ನು ಮನೆಗೇ ಕರೆಸಿ ವಿಷಯ ಹೇಳಿದೆ. ಅವನು ಗಿಣ್ಣು ತಿನ್ನುತ್ತಾ "ಆಯ್ತಕ್ಕ" ಅಂದ. ನಾಲ್ಕು ದಿನ ಬಿಟ್ಟು ಸಾಹೇಬರ ಫೋನ್ ಮತ್ತೆ ಬಂತು.

"ಬಾಗಿಲು ಏನಾಯ್ತು?"

"ಆಯ್ತು ಸಾ, ಆಯ್ತು."

ನಾನು ಅಂದದ್ದು, ಹೇಳಿದ್ದೇನೆ, ಅವನು ಹೂಂ ಅಂದಿದ್ದಾನೆ ಅಂತ. ಅವರು ಕೇಳಿಸಿಕೊಂಡದ್ದು, ಬಾಗಿಲು ಅಗಲವಾಗಿದೆ ಅಂತ. ಮೇಸ್ತ್ರಿ ಅಂದದ್ದು, ಯಾವಾಗಲಾದರೂ ಮಾಡೋಣ ಅಂತ. ನಮ್ಮ ಮಾತಿನಲ್ಲಿ ಮೂರಕ್ಕೂ ಒಂದೇ ಪದ. ಹುಟ್ಟಿದಾಗಿನಿಂದ ಆಡಿದ ಪದ. ಅದರಲ್ಲಿ ಇಷ್ಟು ದೊಡ್ಡ ತೂತು ಇದೆ ಅಂತ ಯಾರಿಗೆ ಗೊತ್ತಿತ್ತು. ಹೊಸ ಕಟ್ಟಡಕ್ಕೆ ಹೋಗಿ ನಾನೂ ನೋಡಲಿಲ್ಲ. ಕರುವಿನ ಸಡಗರ. ಆ ಸೋಮವಾರ ಸಾಹೇಬರು ನೇರವಾಗಿ ಬೇಲೂರಿಗೆ ಹೋಗಿ, ಅಧಿಕಾರಿಗಳ ಮುಂದೆ ಪುಸ್ತಕ ತೆಗೆದು "ಬಾಗಿಲು ಆಗಿದೆ" ಅಂತ ಹೇಳಿದರು. ಟ್ಯಾಂಕು ಕಳಿಸಲು ಅಧಿಕಾರಿಗಳು ದಿನ ಗೊತ್ತು ಮಾಡಿದರು.

ಟ್ಯಾಂಕು ಬಂತು. ಲಾರಿಯ ಮೇಲೆ ಬಿಸಿಲಿಗೆ ಹೊಳೆಯುತ್ತಾ, ಮದುವೆ ದಿಬ್ಬಣ ಬಂದಂತೆ ಬಂತು. ಹಿಂದೆ ಜೀಪಿನಲ್ಲಿ ಹಾಲಿನ ಆಫೀಸಿನವರು, ಕಂಪನಿಯವರು, ಪಂಚಾಯ್ತಿಯವರು, ಅರಸೀಕೆರೆಯಿಂದ ನೇರ ಬಂದಿದ್ದ ಸಾಹೇಬರು. ನಾವು ಹೆಂಗಸರು ಆರತಿ ತಟ್ಟೆ ಹಿಡಿದು ಹೊಸ ಕಟ್ಟಡದ ಮುಂದೆ ನಿಂತಿದ್ದೆವು. ಬಾಗಿಲು ಮೂರೂವರೆ ಅಡಿಯೇ ಇತ್ತು. ಮೇಸ್ತ್ರಿ ತಲೆ ಕೆರೆದುಕೊಂಡು, "ನಾಳೆ ಕೈ ಹಚ್ಚನ ಅಂತಿದ್ದೆ ಕಣಕ್ಕ" ಅಂದ.

ಹಾಲಿನ ಆಫೀಸಿನ ಅಧಿಕಾರಿ ಟೇಪು ಹಿಡಿಸಿ ನೋಡಿದರು. ಜೋರು ಮಾಡಲಿಲ್ಲ. "ಪಟ್ಟಿಯಲ್ಲಿ ಮುಂದಿನ ಊರು ರೆಡಿ ಇದೆ. ಲಾರಿ ಅಲ್ಲಿಗೆ ಹೋಗಲಿ. ನಿಮ್ಮದು ಮುಂದಿನ ಸಲ ನೋಡೋಣ" ಅಂದರು. ಮುಂದಿನ ಸಲ ಅಂದರೆ ಇನ್ನೊಂದು ಬೇಸಿಗೆ, ಇನ್ನೊಂದು ವರ್ಷ ಒಡೆದ ಹಾಲು. ಎಷ್ಟೋ ಮನೆಯವರು ಅಷ್ಟರೊಳಗೆ ಹಾಲು ಹಾಕುವುದನ್ನೇ ಬಿಡುತ್ತಿದ್ದರು. ಡೇರಿಯೇ ಉಳಿಯುತ್ತಿರಲಿಲ್ಲ. ಹಿಂದೆ ಯಾರೋ ಗಂಡಸು ಕಿಸಕ್ಕಂದದ್ದು ಕೇಳಿಸಿತು.

ಸಾಹೇಬರು ಮೆಟ್ಟಿಲ ಮೇಲೆ ಹತ್ತಿ ನಿಂತರು. ಅಂಗೈಗೆ ಆಗಲೇ ಬರೆದುಕೊಂಡಿದ್ದರು.

"ಬಾಗಿಲು ಮೂರೂವರೆ ಅಡಿ ಇದೆ. ಐದಡಿ ಆಗಿಲ್ಲ. ಆಗಿದೆ ಅಂತ ಹೋದ ಸೋಮವಾರ ಹೇಳಿದ್ದೆ. ನೋಡದೆ ಹೇಳಿದ್ದೆ."

"ನಿಮಗೆ ಯಾರ್ರೀ ಹೇಳಿದ್ದು?" ಅಂತ ಅಧಿಕಾರಿ ಕೇಳಿದರು.

"ನನಗೆ ಯಾರು ಹೇಳಿದ್ರು ಅನ್ನೋದು ವರದಿಗೆ ಬರಲ್ಲ ಸಾರ್. ನಿಮಗೆ ಹೇಳಿದ್ದು ನಾನು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಂದಿನಂತೆ ಎಡಗೈ ಚಾಚಿದರು. ಚೊಂಬು ಅಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ. ವಾರಗಿತ್ತಿ ಮುಖ ಪಕ್ಕಕ್ಕೆ ತಿರುಗಿಸಿದಳು. ನಮ್ಮತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. ಆ ಕೈ ಗಾಳಿಯಲ್ಲೇ ಇತ್ತು, ಹಿಂದಕ್ಕೂ ಹೋಗಲಿಲ್ಲ. ಆರತಿ ತಟ್ಟೆಯ ಕರ್ಪೂರ ಉರಿದು ಆರಿತು.

ನನ್ನ ಬಾಯಿ ತಾನಾಗಿ ತೆರೆಯಿತು. "ನಾನು ಸಾ, ನಾನು ಹೇಳಿದ್ದು. ಆಯ್ತು ಅಂದೋಳು ನಾನು. ಆಗ್ಲಿ ಅಂತ ಅಂದೆ. ಆಗೈತೆ ಅಂತ ಅಲ್ಲ. ಹೋಗಿ ನೋಡ್ಲಿಲ್ಲ. ತಪ್ಪಾಯ್ತು." ಗಂಡಸರೂ ಅಧಿಕಾರಿಗಳೂ ಇದ್ದ ಕಡೆ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದು ಅದೇ ಮೊದಲು. ಹೋಗಿ ಚೊಂಬು ಎತ್ತಿಕೊಂಡೆ. ಆದರೆ ಅವರು ತಲೆ ಅಲ್ಲಾಡಿಸಿದರು. "ಇನ್ನೂ ಇಲ್ಲ ಅಧ್ಯಕ್ಷರೇ. ಟ್ಯಾಂಕು ಹೊರಗಿದೆ."

ಆಗ ವಾರಗಿತ್ತಿ, ಮುಖ ಇನ್ನೂ ಪಕ್ಕಕ್ಕೇ ಇಟ್ಟುಕೊಂಡು, "ಹಿಂದ್ಗಡೆ ಕಿಟ್ಕಿ ಬಾಗ್ಲಿಗಿಂತ ಅಗ್ಲ ಐತೆ" ಅಂದಳು. "ಅದ್ರ ಕೆಳಗಿನ ಇಟ್ಗೆ ಕಿತ್ರೆ ಎಮ್ಮೆನೇ ನುಗ್ತದೆ, ಇದ್ಯಾವ ಲೆಕ್ಕ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೂಂ ಅಂದುಬಿಡುತ್ತಿದ್ದರು. ಸಾಹೇಬರು ಮೊದಲು ಕಟ್ಟಡದ ಹಿಂದಕ್ಕೆ ಹೋದರು. ಟೇಪು ಹಿಡಿದರು, ಕಿಟಕಿಯ ಮೇಲಿನ ಕಾಂಕ್ರೀಟನ್ನು ತಟ್ಟಿ ನೋಡಿದರು, ಅಂಗೈಯಲ್ಲಿ ಉಳಿದಿದ್ದ ಒಂದಿಷ್ಟು ಜಾಗದಲ್ಲಿ ಬರೆದುಕೊಂಡರು. ವಾಪಸ್ಸು ಬಂದು ಅಧಿಕಾರಿಯ ಮುಂದೆ ನಿಂತರು.

"ಕಿಟಕಿ ಐದೂಕಾಲು ಅಡಿ. ಚೌಕಟ್ಟು ಕೂರಿಸಿಲ್ಲ. ಕೆಳಗಿನ ಇಟ್ಟಿಗೆ ತೆಗೆದರೆ ಟ್ಯಾಂಕು ಹೋಗುತ್ತೆ. ಸಂಜೆ ಹಾಲಿನ ಹೊತ್ತಿಗೆ ಒಳಗಿರುತ್ತೆ. ಒಳಗಿಲ್ಲದಿದ್ದರೆ ಲಾರಿ ಕಳಿಸಿಬಿಡಿ, ನಾನೇ ಬಂದು ಆಗಲಿಲ್ಲ ಅಂತ ಹೇಳ್ತೀನಿ."

ಅಧಿಕಾರಿ ಗಡಿಯಾರ ನೋಡಿಕೊಂಡು ಜೀಪಿನಲ್ಲಿ ಹೋಗಿ ಕೂತರು. ಮೇಸ್ತ್ರಿ ಸುತ್ತಿಗೆ ಹಿಡಿದ. ಇಟ್ಟಿಗೆಗಳನ್ನು ನಾವೇ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ನಮ್ಮತ್ತೆ ಕೊನೆಯಲ್ಲಿ ಕೂತು ಜೋಡಿಸಿದರು. ಕಿಸಕ್ಕಂದ ಗಂಡಸರೇ ಕಬ್ಬಿಣದ ಪೈಪು ತಂದು ಟ್ಯಾಂಕಿನ ಅಡಿಗೆ ಕೊಟ್ಟು ಉರುಳಿಸಿದರು. ಸಂಜೆಯ ಹಾಲು ಕರೆಯಲು ನಾವು ಮನೆಗೆ ಹೊರಡುವ ಹೊತ್ತಿಗೆ ಟ್ಯಾಂಕು ಒಳಗಿತ್ತು. ಸಾಹೇಬರು ಒಳಗೆ ಹೋಗಿ ಅದನ್ನು ಕೈಯಿಂದ ಮುಟ್ಟಿ ಹೊರಗೆ ಬಂದು, "ಈಗ ಹಾಕಿ" ಅಂದರು. ನಾನು ನೀರು ಹೊಯ್ದೆ. ಅರ್ಧ ಅವರ ಪ್ಯಾಂಟಿನ ಮೇಲೆ ಬಿತ್ತು.

ನಮ್ಮ ಡೇರಿಗೆ ಇವತ್ತಿಗೂ ಹಿಂದೆ, ಆ ಕಿಟಕಿ ಇದ್ದ ಕಡೆ, ಒಂದು ದೊಡ್ಡ ಬಾಗಿಲಿದೆ. ಹೊಸಬರು ಯಾಕೆ ಅಂತ ಕೇಳುತ್ತಾರೆ. ವಾರಗಿತ್ತಿ, "ಅದು 'ಆಯ್ತು' ಬಾಗ್ಲು ಕಣಮ್ಮಿ" ಅನ್ನುತ್ತಾಳೆ.

ಆಮೇಲೆ ಸಾಹೇಬರು ಡೇರಿಯ ಕೆಲಸದಲ್ಲಿ ಆಯ್ತು ಅನ್ನುವ ಪದವನ್ನೇ ತೆಗೆದುಬಿಟ್ಟರು. ಮುಗಿದಿದೆ ಅನ್ನಿ, ಇಲ್ಲ ಮಾಡ್ತೀನಿ ಅನ್ನಿ, ಇಲ್ಲ ಆಗಲ್ಲ ಅನ್ನಿ. ಮೊದಲ ಒಂದು ವಾರ ನಮಗೆ ಮಾತೇ ಹೊರಡಲಿಲ್ಲ. ಆ ಪದ ಇಲ್ಲದೆ ಸಂಸಾರ ಮಾಡುವುದು ಹೇಗೆ? ಅತ್ತೆಗೆ ಆಯ್ತು, ಗಂಡನಿಗೆ ಆಯ್ತು, ಮೂವತ್ತು ವರ್ಷ ಅದರ ಮೇಲೇ ನಡೆದಿತ್ತು. ಒಂದು ದಿನ ನಮ್ಮ ಯಜಮಾನರು ಹಸುವನ್ನು ಮಾರಿಬಿಡೋಣ ಅಂದಾಗ ಅಭ್ಯಾಸಬಲದಲ್ಲಿ, "ಆಗಲ್ಲ" ಅಂದೆ. ಅವರು ಎರಡು ಸಲ ನನ್ನ ಮುಖ ನೋಡಿದರು. ಹಸು ಉಳಿಯಿತು. ಆ ಹಸುವಿನ ಸಂತತಿಯ ಹಾಲಿನಲ್ಲೇ ಮೊಮ್ಮಗಳು ಓದಿದ್ದು.

ಅವಳಿಗೆ ಆ ಹುದ್ದೆ ಸಿಕ್ಕಿ ಎರಡು ತಿಂಗಳಾಯಿತು ಅನ್ನುವ ಸುದ್ದಿ ಫೋನಿನಲ್ಲಿ ಬಂದ ದಿನವೇ ನಾನು ಬೇಲೂರಿಗೆ ಹೋದೆ. ಸಾಹೇಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತು ನಿಧಾನ. ಎಡಗೈ ಹೊದಿಕೆಯ ಮೇಲೆ ಅಂಗೈ ತೆರೆದುಕೊಂಡು ಬಿದ್ದಿತ್ತು, ಬೆಳ್ಳಗೆ. ಅದರ ರೇಖೆಗಳನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೊಮ್ಮಗಳು ನಿಮ್ಮ ಹುದ್ದೆಗೇ ಬಂದಿದ್ದಾಳೆ, ನಾಲ್ಕು ಜನರ ಮುಂದೆ ನಿಂತು ನಿಮ್ಮ ಹಾಗೇ ಹೇಳುತ್ತಾಳಂತೆ ಅಂತ ಒಂದೇ ಉಸಿರಿನಲ್ಲಿ ಹೇಳಿದೆ.

"ನೋಡಿದ್ರೋ? ಕೇಳಿದ್ರೋ?" ಅಂದರು.

"ಕೇಳ್ದೆ ಸಾ. ಫೋನ್ ಬಂತು."

"ಕಾಗದಕ್ಕೆ" ಅಂದು ಕಣ್ಣು ಮುಚ್ಚಿದರು. ಅವರ ಹೆಂಡತಿ, "ತಪ್ಪು ತಿಳ್ಕೋಬೇಡಿ, ಇವರು ಹಿಂಗೇ" ಅಂದರು. ನನಗೆ ಗೊತ್ತಿಲ್ಲವೇ.

ಮರುವಾರ ಅರಸೀಕೆರೆಗೆ ಹೋದೆ. ಹೇಳದೆ ಹೋದೆ. ಸೇತುವೆ ಕೆಲಸಕ್ಕೆ ದಾರಿ ಮುಚ್ಚಿ ಅಂಗಡಿಯವರಿಗೆಲ್ಲ ತೊಂದರೆಯಾಗಿತ್ತು. ಅವರನ್ನೂ ಅಧಿಕಾರಿಗಳನ್ನೂ ಸೇರಿಸಿಕೊಂಡು, ತಲೆಗೆ ಹಳದಿ ಟೋಪಿ ಇಟ್ಟುಕೊಂಡು, ನನ್ನ ಮಗು ನಿಂತಿತ್ತು. ಕೊಬ್ಬರಿ ವ್ಯಾಪಾರದವರೊಬ್ಬರು ಕೂಗಾಡುತ್ತಿದ್ದರು: "ಏನಮ್ಮ, ಈ ತಿಂಗಳು ದಾರಿ ಬಿಡ್ತೀವಿ ಅಂದಿದ್ರಿ, ಏನಾಯ್ತು?"

"ಆಗಿಲ್ಲ ಅಂಕಲ್" ಅಂದಳು. "ಕಂಬದ ಕೆಲಸ ಎರಡು ಉಳಿದಿದೆ. ಬೆಳಿಗ್ಗೆ ನಾನೇ ಇಳಿದು ನೋಡಿ ಬಂದೆ. ಮುಂದಿನ ತಿಂಗಳೂ ಆಗಲ್ಲ. ಅದರ ಮುಂದಿನ ತಿಂಗಳು ಅಂತ ಇವತ್ತು ಹೇಳ್ತಿದೀನಿ, ತಪ್ಪಿದ್ರೆ ನಾನೇ ನಿಮ್ಮಂಗಡಿಗೆ ಬಂದು ಹೇಳ್ತೀನಿ." ಅವರು ಗೊಣಗುತ್ತಾ ಕೂತರು. ಕೂತರು ಅನ್ನುವುದು ಮುಖ್ಯ.

ನಾನು ತಂತಿಬೇಲಿಯ ಆಚೆ ನಿಂತು ಅತ್ತೆ, ನಕ್ಕೆ, ಎರಡೂ ಆಯಿತು. ಪಕ್ಕದ ಹೂವಿನವಳಿಗೆ, ನೋಡವ್ವ ನನ್ನ ಮೊಮ್ಮಗಳು ಅಂದೆ. ಅವಳ ಹತ್ತಿರವೇ ಪೆನ್ನು ಇಸಿದುಕೊಂಡು ಎಡಗೈಯ ಅಂಗೈ ಮೇಲೆ ಬರೆದೆ. ಬರೆದು ರೂಢಿ ತಪ್ಪಿತ್ತು, ಒತ್ತಕ್ಷರ ಸರಿ ಬಂತೋ ಇಲ್ಲವೋ. ಆಮೇಲೆ ಮೊಮ್ಮಗಳನ್ನು ತಬ್ಬಿಕೊಂಡದ್ದೂ ಒಂದೇ ಕೈಯಲ್ಲಿ.

ಅಲ್ಲಿಂದ ನೇರ ಬೇಲೂರಿನ ಬಸ್ಸು. ಸೀಟಿರಲಿಲ್ಲ. ಹಳೇಬೀಡು ದಾಟುವವರೆಗೂ ಬಲಗೈಯಲ್ಲೇ ಕಂಬಿ ಹಿಡಿದು ನಿಂತಿದ್ದೆ. ಆಧಾರ್ ಕಾರ್ಡನ್ನು ಕಂಡಕ್ಟರೇ ನನ್ನ ಚೀಲದಿಂದ ತೆಗೆದು ನೋಡಿ ಇಟ್ಟ. "ಅಜ್ಜಿ, ಎರಡು ಕೈಲೂ ಹಿಡ್ಕಳಿ, ಬೀಳ್ತೀರ" ಅಂದ. "ಆಗಲ್ಲಪ್ಪ, ಈ ಕೈಲಿ ಒಬ್ರಿಗೆ ಒಪ್ಸೋದು ಐತೆ" ಅಂದೆ.

ಸಾಹೇಬರನ್ನು ನಾನು ಕಡೆಯ ಸಲ ನೋಡಿದ್ದು ಅವತ್ತು. ಅದಾದ ತಿಂಗಳೊಳಗೆ ಹೋದರು. ನಾವು ಡೇರಿಯ ಹೆಂಗಸರೆಲ್ಲ ಮಣ್ಣಿಗೆ ಹೋಗಿ ಬಂದೆವು. ನಾನು ಅರಸೀಕೆರೆಯಿಂದ ಹೋದ ದಿನ ಮಾತ್ರ ದಿಂಬಿಗೆ ಒರಗಿ ಕೂತಿದ್ದರು. ನಾನು ಮಂಚದ ಪಕ್ಕ ನಿಂತು, ಅಂಗೈ ಕಣ್ಣಿಗೆ ಹಿಡಿದು, ಅಲ್ಲಿದ್ದದ್ದನ್ನು ಇದ್ದ ಹಾಗೆ ಓದಿದೆ: ನಿಂತು ಹೇಳಿದಳು. ಆಗದ್ದು ಮೊದಲು ಹೇಳಿದಳು. ನಾನು ನೋಡಿದೆ.

ಓದಿ ಕೈ ಚಾಚಿದೆ. ಅವರು ಅಕ್ಷರ ನೋಡಿದರು. ಪಕ್ಕದ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡು ನನ್ನ ಅಂಗೈ ಮೇಲೆ ನೀರು ಹೊಯ್ದರು. ಅರ್ಧ ಹೊದಿಕೆಯ ಮೇಲೆ ಚೆಲ್ಲಿತು. ಅವರ ಹೆಂಡತಿ "ಅಯ್ಯೋ" ಅಂತ ಬಟ್ಟೆ ತರಲು ಓಡಿದರು.

"ಆಯ್ತು, ಅಧ್ಯಕ್ಷರೇ" ಅಂದರು.

ನಾನು ಅಧ್ಯಕ್ಷೆಯಾಗಿರುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆಯ್ತು ಅನ್ನುವ ಪದವನ್ನು ಅವರು ಬಿಟ್ಟೂ ಅಷ್ಟೇ ವರ್ಷವಾಗಿತ್ತು. ಅದನ್ನು ಯಾವ ಅರ್ಥದಲ್ಲಿ ಅಂದರು ಅಂತ ನಾನು ಕೇಳಲಿಲ್ಲ.